ನಾಲ್ಕು ಮಳೆಗಾಲ ನಿಂತ 407: ಬ್ರೇಕ್ ಕೆಲಸ ಎಲ್ಲಿಗೆ ಬಂತು

ಅಪ್ಪನ ಟಾಟಾ 407 ಸಣ್ಣ ಲಾರಿ ಅಡಿಕೆ ಕೊಟ್ಟಿಗೆಯ ಮಾಡಿನ ಕೆಳಗೆ ನಾಲ್ಕು ಮಳೆಗಾಲ ನಿಂತೇ ಇತ್ತು. 1994ರ ಗಾಡಿ. ಹೊಸನಗರದ ಕಡೆ ಮಳೆ ಗೊತ್ತಲ್ವಾ, ಮಾಡು ಸೋರದಿದ್ದರೂ ಗಾಳಿಯಲ್ಲೇ ನೀರಿರುತ್ತದೆ. ಹೊಸ ಬ್ಯಾಟರಿ, ಹೊಸ ಡೀಸೆಲ್ ಹಾಕಿದ ಮೇಲೆ ಎಂಜಿನ್ ಎದ್ದಿತು. ಆದರೆ ಬ್ರೇಕ್ ಪೆಡಲ್ ತುಳಿದರೆ ಸೀದಾ ನೆಲಕ್ಕೆ.

ಮೊದಲ ಭಾನುವಾರ ಬ್ರೇಕ್ ಆಯಿಲ್ ಡಬ್ಬಿ ಮುಚ್ಚಳ ತೆಗೆದೆ. ತಳದಲ್ಲಿ ಒಂದಿಷ್ಟು ಉಳಿದಿತ್ತು, ಡಿಕಾಕ್ಷನ್ ಬಣ್ಣ. ಆಯಿಲ್ ಎಲ್ಲೋ ಹೋಗಿದೆ ಅಂತಾಯಿತು. ಟಾರ್ಚ್ ಹಿಡಿದು ಒಂದೊಂದೇ ಚಕ್ರದ ಒಳಮೈ ನೋಡುತ್ತಾ ಬಂದೆ. ಹಿಂದಿನ ಎಡ ಚಕ್ರದ ಒಳ ಟೈರ್ ಒದ್ದೆಯಾಗಿ, ಧೂಳು ಕಪ್ಪಗೆ ಮೆತ್ತಿಕೊಂಡಿತ್ತು. ಚಕ್ರದ ಜೊತೆ ತಿರುಗುವ ಬ್ರೇಕ್ ಡ್ರಮ್ ಬಿಚ್ಚುವುದಕ್ಕೇ ಅರ್ಧ ದಿನ ಹೋಯಿತು, ಯಾಕೆಂದರೆ ಡ್ರಮ್ಮಿನ ಅಂಚಿಗೆ ತುಕ್ಕು ಬಂದು, ಅದರ ಒಳಮೈಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರನ್ನು ಹಿಡಿದುಬಿಟ್ಟಿತ್ತು, ಲೈನರಿನ ಅಂತರ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ, ಸುತ್ತಲೂ ಕುಟ್ಟಿ ಕುಟ್ಟಿ ಎಳೆಯಬೇಕಾಯಿತು.

ಆಯಿಲ್ ಒತ್ತಡದಿಂದ ಲೈನರನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿದೆ. ಒಳಗಿಂದ ಕಂದು ನೀರು ಇಳಿಯಿತು. ಆಯಿಲ್ ಅಲ್ಲ, ನೀರೇ. ಒಂದು ಪಿಸ್ಟನ್ ಅಲುಗಾಡಲಿಲ್ಲ. ಹೇಗೋ ಹೊರಗೆ ತೆಗೆದು ಒಳಗೋಡೆ ಮೇಲೆ ಉಗುರು ಎಳೆದರೆ ಮೂರು ಕಡೆ ಸಿಕ್ಕಿಕೊಂಡಿತು. ತುಕ್ಕು ತಿಂದ ಗುಂಡಿಗಳು. ಇಂಥದ್ದಕ್ಕೆ ಸುಮ್ನೆ ವಾಷರ್ ಕಿಟ್, ಅಂದ್ರೆ ಒಳಗಿನ ರಬ್ಬರ್ ಮಾತ್ರ, ಹೊಸದು ಹಾಕಿದರೆ ಒಂದು ತಿಂಗಳಲ್ಲಿ ಮತ್ತೆ ಸೋರುತ್ತದೆ. ಹಾಗಾಗಿ ಹಿಂದಿನ ಎರಡೂ ಸಿಲಿಂಡರ್ ಹೊಸದು ಹಾಕಿದೆ.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಕುಡಿಯುತ್ತದೆ. ಹೊಸ ಡಾಟ್ 3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಅದರಲ್ಲಿ 3.7 ಶೇಕಡಾ ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ನಮ್ಮ ಗಾಡಿ ಹುಲಿಕಲ್ ಘಾಟಿ ಇಳಿಯಬೇಕು. ಅರ್ಧ ಘಾಟಿಯಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ಹತ್ತಿಯ ಹಾಗೆ ಮೆತ್ತಗಾಗುತ್ತದೆ, ಗಾಡಿ ನಿಲ್ಲುವುದಿಲ್ಲ. ಅದಕ್ಕೇ ಹಳೇ ಆಯಿಲ್ ಒಂದು ಹನಿಯೂ ಬೇಡ ಅಂತ ಲೈನ್ ಪೂರ್ತಿ ತೊಳೆದೆ.

ಎರಡನೇ ಭಾನುವಾರ ಲೈನಿನೊಳಗೆ ಸೇರಿದ ಗಾಳಿಯನ್ನು, ಅಂದ್ರೆ ಏರ್, ತೆಗೆಯುವಾಗ ತಪ್ಪು ಮಾಡಿದೆ. ತಮ್ಮ ಪೆಡಲ್ ತುಳಿಯುತ್ತಿದ್ದ, ನಾನು ಕೆಳಗೆ ಚಕ್ರದ ಹತ್ತಿರ ಗಾಳಿ ಹೊರಬಿಡುವ ನಿಪ್ಪಲ್ ಬಿಡುತ್ತಿದ್ದೆ. ಹಿಂದಿನ ಎಡದಿಂದ ಶುರು ಮಾಡಿ ಮುಂದಿನ ಬಲಕ್ಕೆ ಬರುವ ಹೊತ್ತಿಗೆ ಪೆಡಲ್ ಗಟ್ಟಿಯಾಯಿತು. ಆದರೆ ಕಾಲು ಒತ್ತಿ ಹಿಡಿದರೆ ನಿಧಾನಕ್ಕೆ ಇಳಿಯುತ್ತಿತ್ತು. ಹೊರಗೆಲ್ಲೂ ಸೋರಿಕೆ ಇಲ್ಲ. ಅಂದ್ರೆ ಪೆಡಲ್ ತುಳಿದಾಗ ಲೈನಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಆಯಿಲ್ ಹಿಂದಕ್ಕೆ ಜಾರುತ್ತಿದೆ. ನಿಂತ ಗಾಡಿಯಲ್ಲಿ ಪೆಡಲನ್ನು ನೆಲದವರೆಗೆ ತುಳಿದರೆ ಒಳಗಿನ ರಬ್ಬರ್ ಕಪ್ಪು ಯಾವತ್ತೂ ಓಡಾಡದ ತುಕ್ಕಿನ ಜಾಗಕ್ಕೆ ಹೋಗಿ ಹರಿಯುತ್ತದೆ. ಪೆಡಲ್ ಕೆಳಗೆ ಒಂದು ಮರದ ತುಂಡು ಇಟ್ಟಿದ್ದರೆ ಸಾಕಿತ್ತು. ಹೊಸ ಮಾಸ್ಟರ್ ಹಾಕಿ, ಈ ಸಲ ಹಲಸಿನ ತುಂಡು ಇಟ್ಟು ಮತ್ತೆ ಏರ್ ತೆಗೆದೆವು. ಪೆಡಲ್ ನಿಂತಿತು.

ಆಮೇಲೆ ಬಂದದ್ದು ಎಲ್ಲಕ್ಕಿಂತ ಜಾಸ್ತಿ ತಲೆ ತಿಂದ ಸಮಸ್ಯೆ. ತೋಟದ ದಾರಿಯಲ್ಲಿ ಇನ್ನೂರು ಮೀಟರ್ ಓಡಿಸಿದರೆ ಮುಂದಿನ ಎಡ ಚಕ್ರ ಹಿಡಿದುಕೊಳ್ಳುತ್ತಿತ್ತು. ಡ್ರಮ್ ಮೇಲೆ ಕೈ ಇಡಲಾಗದಷ್ಟು ಬಿಸಿ. ಲೈನರನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿನ ತೊಂದರೆ ಇರಬೇಕು ಅಂತ ಬಿಚ್ಚಿದೆ, ಸರಿಯಾಗಿತ್ತು. ಸಿಲಿಂಡರೂ ಸಲೀಸಾಗಿ ಓಡಾಡುತ್ತಿತ್ತು. ಕೊನೆಗೆ ಒಂದು ಪರೀಕ್ಷೆ ಮಾಡಿದೆ. ಚಕ್ರ ಹಿಡಿದಿದ್ದಾಗಲೇ, ಕಬ್ಬಿಣದ ಪೈಪು ರಬ್ಬರ್ ಹೋಸಿಗೆ ಸೇರುವ ಜಾಗವನ್ನು ಸಡಿಲಿಸಿದೆ. ಏನೂ ಆಗಲಿಲ್ಲ, ಚಕ್ರ ಹಾಗೇ ಬಿಗಿ. ಆಮೇಲೆ ಚಕ್ರದ ನಿಪ್ಪಲ್ ಬಿಟ್ಟೆ. ಆಯಿಲ್ ಚಿಮ್ಮಿತು, ಚಕ್ರ ಸಡಿಲವಾಯಿತು. ಒತ್ತಡ ಸಿಕ್ಕಿಕೊಂಡಿದ್ದು ಇವೆರಡರ ಮಧ್ಯೆ, ಅಂದ್ರೆ ಹೋಸಿನಲ್ಲಿ.

ಹೊರಗಿಂದ ಆ ಹೋಸಿಗೆ ಒಂದು ಬಿರುಕೂ ಇರಲಿಲ್ಲ. ಬ್ಲೇಡಿನಲ್ಲಿ ಅಡ್ಡ ಕತ್ತರಿಸಿ ನೋಡಿದೆ. ಒಳಪದರ ಊದಿಕೊಂಡು ತೂತು ಸೂಜಿ ಹೋಗುವಷ್ಟೇ ಉಳಿದಿತ್ತು. ಕಾಲಿನ ಒತ್ತಡಕ್ಕೆ ಆಯಿಲ್ ಮುಂದೆ ಹೋಗುತ್ತಿತ್ತು, ವಾಪಸ್ ಬರಲು ಸ್ಪ್ರಿಂಗಿನ ಬಲ ಸಾಕಾಗುತ್ತಿರಲಿಲ್ಲ. ಆ ತುಂಡನ್ನು ಎತ್ತಿಟ್ಟಿದ್ದೇನೆ. ಇದ್ದಬದ್ದ ರಬ್ಬರ್ ಹೋಸ್ ಎಲ್ಲವನ್ನೂ ಬದಲಿಸಿದೆ.

ತುಳಿತಕ್ಕೆ ಬಲ ಸೇರಿಸುವ ಬೂಸ್ಟರಿನ ಕೆಲಸ ಬೇಗ ಮುಗಿಯಿತು. ಎಂಜಿನ್ ಆಫ್ ಮಾಡಿ ಐದಾರು ಸಲ ತುಳಿದು, ಪೆಡಲ್ ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ಅದು ಸ್ವಲ್ಪ ಕೆಳಗಿಳಿಯಬೇಕು. ನಮ್ಮದು ಇಳಿಯಲಿಲ್ಲ. ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು (ಗಾಳಿ ಎಳೆದ ಖಾಲಿತನ) ಡೀಸೆಲ್ ಎಂಜಿನ್ ತಾನಾಗಿ ಕೊಡುವುದಿಲ್ಲ, ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರಿನ ಬೆನ್ನಿಗಿರುವ ಸಣ್ಣ ಪಂಪ್ ಎಳೆದುಕೊಡಬೇಕು. ಪಂಪ್ ಚೆನ್ನಾಗಿತ್ತು, ಪೈಪು ಕ್ಲಿಪ್ಪಿನ ಹತ್ತಿರ ಸೀಳಿತ್ತು. ಎರಡು ಇಂಚು ಕತ್ತರಿಸಿ ಮತ್ತೆ ಬಿಗಿದೆ. ಈಗ ಪೆಡಲ್ ಇಳಿಯುತ್ತದೆ.

ನಿನ್ನೆ ಅಂಗಳದಲ್ಲಿ ನಿಧಾನಕ್ಕೆ ಓಡಿಸಿ ಬ್ರೇಕ್ ಹಾಕಿದೆ. ನಾಲ್ಕೂ ಚಕ್ರ ಹಿಡಿಯುತ್ತಿವೆ, ಆದರೆ ಸ್ಟೇರಿಂಗ್ ಸ್ವಲ್ಪ ಬಲಕ್ಕೆ ಎಳೆಯುತ್ತದೆ. ಮುಂದಿನ ಎಡ ಡ್ರಮ್ ಮತ್ತೆ ತೆಗೆದೆ. ಬಿಸಿಗೆ ಲೈನರ್ ಗಾಜಿನ ಹಾಗೆ ಹೊಳೆಯುತ್ತಿದೆ, ಅದಕ್ಕೆ ಹಿಡಿತವೇ ಇಲ್ಲ. ಒಂದು ಕಡೆ ಮಾತ್ರ ಹೊಸದು ಹಾಕಿದರೆ ಎಳೆತ ಇನ್ನೊಂದು ಕಡೆಗೆ ತಿರುಗುತ್ತದೆ, ಹಾಗಾಗಿ ಮುಂದಿನ ಎರಡಕ್ಕೂ ಬೇಕು. ಲೈನರ್ ಸೆಟ್ ಶಿವಮೊಗ್ಗದಿಂದ ಬರಬೇಕು. ಅಲ್ಲಿವರೆಗೆ ಗಾಡಿ ಗೇಟ್ ದಾಟುವುದಿಲ್ಲ.