ಬೆನ್ನಿನ ಕೆಳಗೆ ಉಳಿದ ಅಯೋಡಿನ್

ಬೆಳಗಿನ ಪಾಳಿಗೆ ಬಂದು ಕೈ ತೊಳೆಯುತ್ತಿದ್ದಾಗ ಹೆರಿಗೆ ವಾರ್ಡಿನಿಂದ ಕರೆ ಬಂತು. ಹಿಂದಿನ ಮಧ್ಯಾಹ್ನ ಸಿಸೇರಿಯನ್ ಆಗಿದ್ದ ಬಾಣಂತಿಯ ಎಡಸೊಂಟದ ಹಿಂಭಾಗ ಕೆಂಪಗಾಗಿ ನೀರುಗುಳ್ಳೆ ಎದ್ದಿದೆ, ಒಮ್ಮೆ ಬಂದು ನೋಡಿ ಎಂದರು. ಆ ಶಸ್ತ್ರಚಿಕಿತ್ಸೆಗೆ ಹೊಟ್ಟೆಯ ಚರ್ಮಕ್ಕೆ ಔಷಧ ಬಳಿದವಳು ನಾನು. ಮೆಟ್ಟಿಲು ಹತ್ತುವಾಗಲೇ ನನಗೆ ಏನೋ ತಪ್ಪಾಗಿದೆ ಅನ್ನಿಸಿತ್ತು, ಏನೆಂದು ಮಾತ್ರ ಗೊತ್ತಿರಲಿಲ್ಲ.

ಅಂಗೈಗಿಂತ ದೊಡ್ಡ ಗಾಯ. ಒಂದು ಅಂಚು ನೆಟ್ಟಗೆ ಗೆರೆ ಎಳೆದಂತಿತ್ತು, ಇನ್ನೊಂದು ಅಂಚು ನೀರು ಹರಿದು ನಿಂತ ನೆಲದ ಹಾಗೆ ವಂಕಿವಂಕಿಯಾಗಿತ್ತು. ಬಾಣಂತಿಯ ತಾಯಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನನ್ನೇ ನೋಡುತ್ತಿದ್ದರು. "ಆಪರೇಷನ್ ಮಾಡಿದ್ದು ಹೊಟ್ಟೆಗೆ ಅಲ್ಲವೇ ಸಿಸ್ಟರ್, ಬೆನ್ನು ಹೇಗೆ ಸುಟ್ಟಿತು?" ಎಂದರು. ಆ ಕ್ಷಣಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. "ತಿಳಿದುಕೊಂಡು ಬಂದು ನಿಮಗೆ ಹೇಳುತ್ತೇನಮ್ಮಾ" ಎಂದು ಮಾತು ಕೊಟ್ಟೆ.

ಮೊದಲು ಅನುಮಾನ ಬಿದ್ದದ್ದು ಕಾಟರಿಯ ಮೇಲೆ, ಅಂದರೆ ರಕ್ತ ನಿಲ್ಲಿಸಲು ಬಳಸುವ ವಿದ್ಯುತ್ ಉಪಕರಣದ ಮೇಲೆ. ಅದರ ಪ್ಲೇಟನ್ನು ಸರಿಯಾಗಿ ಅಂಟಿಸದಿದ್ದರೆ ಆ ಜಾಗದಲ್ಲಿ ಚರ್ಮ ಸುಡುವುದುಂಟು. ಆದರೆ ಪ್ಲೇಟ್ ಅಂಟಿಸಿದ್ದು ಬಲತೊಡೆಗೆ, ಅಲ್ಲಿನ ಚರ್ಮ ಚೆನ್ನಾಗಿಯೇ ಇತ್ತು. ಒತ್ತುಹುಣ್ಣು ಎನ್ನೋಣವೆಂದರೆ ಮುಕ್ಕಾಲು ಗಂಟೆಯ ಶಸ್ತ್ರಚಿಕಿತ್ಸೆ, ಆರೋಗ್ಯವಂತ ತರುಣಿ. ನಮ್ಮ ಪ್ರಸೂತಿ ತಜ್ಞೆ ಗಾಯವನ್ನು ನೋಡಿ, ಹತ್ತಿಯಿಂದ ಅಂಚನ್ನು ಒರೆಸಿ, ಹತ್ತಿಯನ್ನು ನನ್ನ ಮುಂದೆ ಹಿಡಿದರು. ಅದರಲ್ಲಿ ಇನ್ನೂ ತಿಳಿಕಂದು ಬಣ್ಣವಿತ್ತು. "ನಿನ್ನೆ ಬಳಿದದ್ದು ಇನ್ನೂ ಇಲ್ಲೇ ಇದೆ" ಎಂದರು, ಅಷ್ಟೆ.

ನಡೆದದ್ದನ್ನು ಆಮೇಲೆ ಒಂದೊಂದಾಗಿ ನೆನಪಿಸಿಕೊಂಡೆ. ಸಿಸೇರಿಯನ್‌ಗೆ ಮಲಗಿಸುವಾಗ ಬಲಸೊಂಟದ ಕೆಳಗೆ ಒಂದು ದಿಂಬನ್ನಿಟ್ಟು ದೇಹವನ್ನು ತುಸು ಎಡಕ್ಕೆ ವಾಲಿಸುತ್ತೇವೆ. ತುಂಬಿದ ಗರ್ಭಕೋಶದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಾಯಿಯ ರಕ್ತದೊತ್ತಡ ಇಳಿಯದಿರಲಿ ಎಂಬುದಕ್ಕೆ ಹಾಗೆ. ಅಂದ ಮೇಲೆ ಹೊಟ್ಟೆಯ ಮೇಲೆ ಸುರಿದದ್ದೆಲ್ಲ ಎಡಕ್ಕೇ ಇಳಿಯಬೇಕು. ಅಂದು ಮಗುವಿನ ಹೃದಯ ಬಡಿತ ಇಳಿದಿದ್ದರಿಂದ ಎಲ್ಲರಲ್ಲೂ ಅವಸರ. ಗಾಜ್ ಬಟ್ಟೆಯನ್ನು ಪೊವಿಡೋನ್ ಅಯೋಡಿನ್ ಎಂಬ ಕಂದು ಬಣ್ಣದ ನಂಜುನಿರೋಧಕ ದ್ರಾವಣದಲ್ಲಿ ಅದ್ದಿ, ಹಿಂಡದೆ, ಸೊಟಸೊಟ ತೊಟ್ಟಿಕ್ಕುವಂತೆಯೇ ಬಳಿದೆ. ಹೆಚ್ಚು ಹಾಕಿದಷ್ಟೂ ಹೆಚ್ಚು ಶುದ್ಧ ಎಂದು ನಾನು ಅಂದಿನವರೆಗೂ ನಂಬಿದ್ದೆ. ಪಕ್ಕೆಯಿಂದ ಇಳಿದ ದ್ರಾವಣ ಸೊಂಟದ ಕೆಳಗಿನ ಬಟ್ಟೆಯ ಮಡಿಕೆಯಲ್ಲಿ ನಿಂತಿತು. ನೆಟ್ಟಗಿದ್ದ ಆ ಅಂಚು ಬಟ್ಟೆಯ ಮಡಿಕೆಯದೇ ಗುರುತು. ಕೆಳಗೆ ರಬ್ಬರ್ ಹಾಸು, ಮೇಲೆ ದೇಹದ ಭಾರ. ಗಾಳಿಯಾಡದೆ ಅದು ಆರಲೇ ಇಲ್ಲ. ಆಮೇಲೆ ಗರ್ಭದ ನೀರು, ರಕ್ತ ಎಲ್ಲ ಸೇರಿ ಬಟ್ಟೆ ಹೇಗೂ ಒದ್ದೆಯಾಗಿದ್ದರಿಂದ ಈ ಒದ್ದೆಯನ್ನು ಬೇರೆಯಾಗಿ ಯಾರೂ ಗಮನಿಸಲಿಲ್ಲ. ವಾರ್ಡಿಗೆ ಹೋದ ಮೇಲೂ ಆಕೆ ಬಹಳ ಹೊತ್ತು ಅಂಗಾತ ಮಲಗಿದ್ದಳು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯೇ ಸಂಗತಿ. ಬೆನ್ನುಹುರಿಯ ಬಳಿ ಅರಿವಳಿಕೆ ಕೊಟ್ಟಿದ್ದರಿಂದ ಆಕೆಗೆ ಸೊಂಟದ ಕೆಳಗೆ ಸ್ಪರ್ಶವೇ ಇರಲಿಲ್ಲ. ಎಚ್ಚರವಾಗಿದ್ದಳು, ಮಗು ಅತ್ತಾಗ ನಕ್ಕಳು, ನನ್ನೊಂದಿಗೆ ಮಾತನಾಡಿದಳು. ಅದೇ ಹೊತ್ತಿನಲ್ಲಿ ಅವಳ ಚರ್ಮ ಬೇಯುತ್ತಿತ್ತು. ಉರಿ ಎಂಬುದು ಚರ್ಮದ ಕೂಗು. ಆ ಕೂಗನ್ನು ನಾವೇ ಔಷಧ ಕೊಟ್ಟು ಅಡಗಿಸಿದ ಮೇಲೆ, ಅವಳ ಪರವಾಗಿ ನೋಡಬೇಕಾದವರು ನಾವೇ ಆಗಿದ್ದೆವು.

ಪೊವಿಡೋನ್ ಅಯೋಡಿನ್ ಒಳ್ಳೆಯ ಔಷಧ, ಅದರಲ್ಲಿ ಅನುಮಾನವಿಲ್ಲ. ನಾವು ಬಳಸುವ ಶೇ. 10ರ ದ್ರಾವಣದಲ್ಲಿ ಬಳಕೆಗೆ ಸಿಗುವ ಅಯೋಡಿನ್ ಶೇ. 1ರಷ್ಟು. ಅದು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗುತ್ತಾ ರೋಗಾಣುಗಳನ್ನು ಕೊಲ್ಲುತ್ತದೆ. ಆದ್ದರಿಂದ ಬಳಿದ ತಕ್ಷಣ ಒರೆಸಿದರೆ ಕೆಲಸ ಅರ್ಧಕ್ಕೇ ನಿಂತಂತೆ. ತೆಳುವಾಗಿ ಬಳಿದು ಕನಿಷ್ಠ ಎರಡು ನಿಮಿಷ ಅದರ ಪಾಡಿಗೆ ಆರಲು ಬಿಡಬೇಕು. ತೆಳುವಾಗಿ ಬಳಿದು ಆರಿದ್ದು ಕಾಪಾಡುತ್ತದೆ. ಮಡುಗಟ್ಟಿ ನಿಂತದ್ದು ಸುಡುತ್ತದೆ. ಚರ್ಮಕ್ಕೆ ಬಳಿಯುವ ಇನ್ನೊಂದು ನಂಜುನಿರೋಧಕವಾದ, ಸ್ಪಿರಿಟ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಆದರೆ ಇನ್ನೊಂದು ಅಪಾಯವೂ ಇದೆ. ಪೂರ್ತಿ ಆರುವ ಮೊದಲು ಕಾಟರಿಯ ಕಿಡಿ ತಾಗಿದರೆ ಬಟ್ಟೆಯ ಅಡಿಯಲ್ಲೇ ಬೆಂಕಿ ಹತ್ತಿಕೊಳ್ಳಬಹುದು. ಅದು ಆರಲು ಕೂದಲಿಲ್ಲದ ಚರ್ಮದ ಮೇಲೂ ಕನಿಷ್ಠ 3 ನಿಮಿಷ ಬೇಕು. ಕೂದಲಿರುವ ಕಡೆ ಅದು ಆರಲು ಬಹಳ ಹೊತ್ತು ಹಿಡಿಯುತ್ತದೆ. ಕ್ಲೋರ್‌ಹೆಕ್ಸಿಡಿನ್ ಕಣ್ಣಿಗಾಗಲಿ ಕಿವಿಯ ಒಳಭಾಗಕ್ಕಾಗಲಿ ಹೋಗಲೇಬಾರದು; ದೃಷ್ಟಿಗೂ ಶ್ರವಣಕ್ಕೂ ಶಾಶ್ವತ ಹಾನಿಯಾಗಬಹುದು.

ಅದೇ ಮಧ್ಯಾಹ್ನ ಕೇಸ್ ಶೀಟ್ ಬರೆಯುವಾಗ ಯಾರೋ "ಅಯೋಡಿನ್ ಅಲರ್ಜಿ ಎಂದು ಬರೆದರೆ ಆಯಿತಲ್ಲ" ಎಂದರು. ಸುಲಭದ ದಾರಿ. ತಪ್ಪು ನಮ್ಮದಾಗುವುದಿಲ್ಲ, ಆಕೆಯ ದೇಹದ್ದಾಗುತ್ತದೆ. ಆದರೆ ಅಲರ್ಜಿಯಾಗಿದ್ದರೆ ಅದೇ ದ್ರಾವಣವನ್ನು ಬಳಿದ ಹೊಟ್ಟೆಯೂ ಕೆಂಪಾಗಬೇಕಿತ್ತು, ತುರಿಸಬೇಕಿತ್ತು. ಹೊಟ್ಟೆಯ ಚರ್ಮ ಶುಭ್ರವಾಗಿತ್ತು. ದ್ರಾವಣ ನಿಂತ ಜಾಗ ಮಾತ್ರ ಸುಟ್ಟಿತ್ತು. ಇಲ್ಲದ ಅಲರ್ಜಿಯನ್ನು ಒಮ್ಮೆ ಬರೆದರೆ ಅದು ಆಕೆಯ ಬೆನ್ನಿಗೇ ಅಂಟಿಕೊಳ್ಳುತ್ತದೆ. ಮುಂದೆ ಯಾವುದೋ ಊರಿನ ಆಸ್ಪತ್ರೆಯಲ್ಲಿ ಆಕೆಗೆ ಬೇಕಾದ ಔಷಧವನ್ನೋ ಅಯೋಡಿನ್ ಬೆರೆತ ಔಷಧ ಬಳಸುವ ಸ್ಕ್ಯಾನಿಂಗನ್ನೋ ಕೊಡಲು ಹಿಂಜರಿಯುತ್ತಾರೆ. ನಮ್ಮ ವೈದ್ಯೆ ಇದ್ದದ್ದನ್ನು ಇದ್ದಂತೆ ಬರೆದರು: ಬೆನ್ನಿನ ಕೆಳಗೆ ನಿಂತ ನಂಜುನಿರೋಧಕ ದ್ರಾವಣದಿಂದ ಉಂಟಾದ ರಾಸಾಯನಿಕ ಸುಟ್ಟಗಾಯ, ಅಲರ್ಜಿ ಅಲ್ಲ. ಗಾಯವನ್ನು ಸಲೈನ್‌ನಿಂದ ಚೆನ್ನಾಗಿ ತೊಳೆದು ಪ್ಯಾರಾಫಿನ್ ಸವರಿದ ಗಾಜ್ ಬಟ್ಟೆ ಇಟ್ಟೆವು. ನಾನು ಬಾಣಂತಿಗೂ ಅವಳ ತಾಯಿಗೂ ಆದದ್ದನ್ನು ಹೇಳಿ ಕ್ಷಮೆ ಕೇಳಿದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದು, "ಇನ್ನೊಬ್ಬಳಿಗೆ ಹೀಗಾಗದಂತೆ ನೋಡಿಕೊಳ್ಳಿ" ಎಂದರು.

ಈಗ ನಮ್ಮ ಕೊಠಡಿಯಲ್ಲಿ ಬಳಿಯುವ ಮೊದಲು ಎರಡೂ ಪಕ್ಕೆಗೆ ಮಡಿಸಿದ ಬಟ್ಟೆ ಸಿಕ್ಕಿಸುತ್ತೇವೆ, ಬಳಿದಾದ ಮೇಲೆ ಒದ್ದೆಯಾದ ಆ ಬಟ್ಟೆಯನ್ನು ತೆಗೆದೇ ಹಸಿರು ಬಟ್ಟೆ ಹೊದಿಸುತ್ತೇವೆ. ಗಾಜ್ ಬಟ್ಟೆಯನ್ನು ಹಿಂಡುತ್ತೇವೆ. ಶಸ್ತ್ರಚಿಕಿತ್ಸೆ ಮುಗಿದ ಮೇಲೆ ಟ್ರಾಲಿಗೆ ವರ್ಗಾಯಿಸುವಾಗ ಬೆನ್ನು, ಪೃಷ್ಠಗಳನ್ನು ನೋಡಿ, ಬಣ್ಣ ಉಳಿದಿದ್ದರೆ ತೊಳೆದು ಒರೆಸಿಯೇ ಕಳಿಸುತ್ತೇವೆ. ಒಟ್ಟು ಸೇರಿ ಐದು ನಿಮಿಷದ ಕೆಲಸ.

ಅದಾದ ಮೇಲೆ ಡ್ರೆಸ್ಸಿಂಗ್ ಕೋಣೆಯಲ್ಲೂ ನನ್ನ ಕಣ್ಣು ಬದಲಾಯಿತು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ಕಾಲುಬೆರಳಿನ ಸಣ್ಣ ಗಾಯಕ್ಕೆ, ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುವ ಮನೆಬಳಕೆಯ ದ್ರವವನ್ನು ನೀರು ಬೆರೆಸದೆ ಹತ್ತಿಯಲ್ಲಿ ಅದ್ದಿ ಇಟ್ಟು, ಮೇಲೆ ಪ್ಲಾಸ್ಟಿಕ್ ಸುತ್ತಿ ರಾತ್ರಿಯಿಡೀ ಮಲಗಿದ್ದರು. ಬೆಳಿಗ್ಗೆ ಬೆರಳಿನ ಸುತ್ತ ಚರ್ಮ ಬಿಳಿಚಿ ಸುಲಿದಿತ್ತು. ಗಾಯಕ್ಕೆ ಹಚ್ಚುವಾಗ ಅದನ್ನು ಸುಮಾರು 20 ಪಟ್ಟು ತೆಳುವಾಗಿಸಬೇಕು, ಅಳತೆ ಬಾಟಲಿಯ ಮೇಲೆಯೇ ಇರುತ್ತದೆ. "ಉರಿಯಲಿಲ್ಲವೇ ಅಜ್ಜಾ?" ಎಂದು ಕೇಳಿದೆ. "ಉರಿದಿದ್ದರೆ ಔಷಧ ಹಿಡಿಯಿತು ಎಂದುಕೊಳ್ಳುತ್ತಿದ್ದೆನಮ್ಮಾ, ಏನೂ ಗೊತ್ತಾಗಲಿಲ್ಲ" ಎಂದರು. ಅವರ ಪಾದದ ಸ್ಪರ್ಶಜ್ಞಾನವನ್ನು ಕಾಯಿಲೆ ಕಸಿದು ಎಷ್ಟೋ ಕಾಲವಾಗಿತ್ತು. ಅರಿವಳಿಕೆಯಲ್ಲಿದ್ದ ಆ ಬಾಣಂತಿಯೇ ಕಣ್ಣ ಮುಂದೆ ಬಂದಳು.

ಉರಿದರೆ ಔಷಧ ಹಿಡಿಯಿತು ಎಂಬ ಮಾತು ನಮ್ಮ ಮನೆಗಳಲ್ಲಿ ಎಷ್ಟು ಗಟ್ಟಿಯಾಗಿ ಬೇರೂರಿದೆ ಎಂಬುದನ್ನು ದಿನವೂ ನೋಡುತ್ತೇನೆ. ತರಚಿದ ಗಾಯಕ್ಕೆ ಮೊದಲು ಬೇಕಾದದ್ದು ಹರಿಯುವ ಶುದ್ಧ ನೀರು. ಮಣ್ಣು, ಕಸ ಒಳಗಿದ್ದರೆ ಮೇಲೆ ಎಂಥ ಔಷಧ ಸುರಿದರೂ ವ್ಯರ್ಥ. ಕಾಫಿ ಪುಡಿ, ಸುಣ್ಣ ಮೆತ್ತಿಕೊಂಡು ಬಂದವರ ಗಾಯವನ್ನು ನೋಡಬೇಕಾದರೆ ನಾವು ಮೊದಲು ಅದನ್ನು ಕೆರೆದು ತೆಗೆಯಬೇಕಾಗುತ್ತದೆ, ಆ ನೋವು ಅವರಿಗೆ ಬೇಕಿರಲಿಲ್ಲ. ನಾಯಿ ಕಚ್ಚಿದರೆ ಸಾಬೂನು ಹಚ್ಚಿ ನಲ್ಲಿಯ ಕೆಳಗೆ 15 ನಿಮಿಷ ತೊಳೆಯಬೇಕು, ಅಯೋಡಿನ್ ಆಮೇಲೆ, ಅದೇ ದಿನ ಲಸಿಕೆಗೆ ಆಸ್ಪತ್ರೆ. ನವಜಾತ ಶಿಶುಗಳ ವಿಷಯದಲ್ಲಂತೂ ಮನೆಯವರು ಸ್ವಂತ ನಿರ್ಧಾರದಿಂದ ಏನನ್ನೂ ಹಚ್ಚಬಾರದು. ಅವುಗಳ ತೆಳು ಚರ್ಮ ಅಯೋಡಿನ್ನನ್ನು ಹೀರಿಕೊಂಡು ಥೈರಾಯ್ಡ್ ಗ್ರಂಥಿಯ ಕೆಲಸ ಕುಗ್ಗಬಹುದು.

ಆ ಬಾಣಂತಿ ಆರನೆಯ ವಾರದ ಲಸಿಕೆಗೆ ಮಗುವನ್ನು ಎತ್ತಿಕೊಂಡು ಬಂದಳು. ನನ್ನನ್ನು ಕಂಡು ತಾನಾಗಿಯೇ ಸೆರಗು ಸರಿಸಿ ತೋರಿಸಿದಳು. ಗಾಯ ಮಾಗಿ ಕಪ್ಪು ಕಲೆ ಉಳಿದಿತ್ತು. ತಾಯಿ ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ನಮ್ಮ ವೈದ್ಯೆ ಬರೆದುಕೊಟ್ಟಿದ್ದ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದಳು. "ಇದನ್ನು ಎಲ್ಲಿ ಹೋದರೂ ತೋರಿಸಬೇಕೇ ಸಿಸ್ಟರ್?" ಎಂದು ಕೇಳಿದಳು. ಯಾರಾದರೂ ಆ ಕಲೆ ನೋಡಿ ಅಲರ್ಜಿ ಇದೆಯೇ ಎಂದು ಕೇಳಿದರೆ ಮಾತ್ರ ತೋರಿಸು ಎಂದೆ.