ಅವರ ಒಂದು, ನನ್ನ ಒಂದು

ಬೆಳಿಗ್ಗೆ 9ಕ್ಕೆ ಶುರುವಾಗಬೇಕಿದ್ದ ಅಭ್ಯಾಸ ಹನ್ನೊಂದೂವರೆಯಾದರೂ ಶುರುವಾಗಿರಲಿಲ್ಲ. ಯಾರೂ ತಡವಾಗಿ ಬಂದಿರಲಿಲ್ಲ. ಎಲ್ಲರೂ 9ಕ್ಕೆ ಮೊದಲೇ ಬಂದು ಕೂತಿದ್ದೆವು. ಎರಡೂವರೆ ಗಂಟೆ ಹೋಗಿದ್ದು ಬರೀ ಶ್ರುತಿ ಮಾಡಿಕೊಳ್ಳೋದಕ್ಕೆ.

ಪಶ್ಚಿಮ ಆಫ್ರಿಕಾದ ಕೋರಾ ನುಡಿಸುವವರೊಬ್ಬರು, ಬಲ್ಗೇರಿಯಾದ ಗದುಲ್ಕಾ ನುಡಿಸುವ ಹೆಂಗಸೊಬ್ಬರು, ಮೃದಂಗಕ್ಕೆ ನಾನು. ತಂಬೂರಿ ಹಿಡಿದುಕೊಂಡು ನನ್ನ ಶಿಷ್ಯೆ. ಮೈಕ್ ಇಲ್ಲ, ಸ್ಪೀಕರ್ ಇಲ್ಲ. ವಾದ್ಯದಿಂದ ಎಷ್ಟು ಸದ್ದು ಬರುತ್ತದೋ ಅಷ್ಟರಲ್ಲೇ ಒಂದು ಗಂಟೆಯ ಕಛೇರಿ ಮಾಡಬೇಕು. ಅದಕ್ಕೆ ಮುಂಚೆ ನಮಗೆ ಸಿಕ್ಕಿದ್ದು ಈ ಒಂದೇ ದಿನ.

ಕೋರಾ ನೋಡದವರಿಗೆ ಹೇಳಬೇಕೆಂದರೆ, ದೊಡ್ಡ ಸೋರೆಬುರುಡೆಯನ್ನು ಅರ್ಧಕ್ಕೆ ಕತ್ತರಿಸಿ, ಬಾಯಿಗೆ ಹಸುವಿನ ಚರ್ಮ ಬಿಗಿದು, ಅದಕ್ಕೊಂದು ಉದ್ದನೆಯ ಕೋಲು ತೂರಿಸಿರುತ್ತಾರೆ. 21 ತಂತಿ. ಎಡಗಡೆ 11, ಬಲಗಡೆ 10. ಎರಡು ಹೆಬ್ಬೆರಳು, ಎರಡು ತೋರುಬೆರಳು, ಇಷ್ಟರಲ್ಲೇ ಎಲ್ಲ ನುಡಿಸುತ್ತಾರೆ. ಹಿಂದೆ ಜಿಂಕೆ ಜಾತಿಯ ಪ್ರಾಣಿಯ ಚರ್ಮ ಸೀಳಿ ತಂತಿ ಮಾಡುತ್ತಿದ್ದರಂತೆ. ಈಗ ಮೀನು ಹಿಡಿಯುವ ನೈಲಾನ್ ದಾರ. ಇವರದು ಹಳೇ ಕ್ರಮದ ವಾದ್ಯ. ತಿರುಗಿಸಲು ಬಿರಡೆಗಳೇ ಇಲ್ಲ. ಪ್ರತಿ ತಂತಿಗೂ ಕೋಲಿಗೆ ಸುತ್ತಿದ ಒಂದು ಚರ್ಮದ ಬಳೆ. ಅದನ್ನು ತಿರುಚಿ ತಿರುಚಿ ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಇಂಥ 21 ಬಳೆಗಳು! ಹೀಗಿರುವಾಗ 'ನಿಮ್ಮ ಶ್ರುತಿ ಸ್ವಲ್ಪ ಬದಲಾಯಿಸಿ' ಎಂದು ಕೇಳೋದಕ್ಕೆ ಯಾರಿಗೆ ಬಾಯಿ ಬರುತ್ತೆ?

ಹಾಗಾಗಿ ನಾವೇ ಅವರ ಕಡೆಗೆ ಹೋಗಬೇಕಾಯಿತು. ಅವರ ಷಡ್ಜ, ಅಂದರೆ ಆಧಾರದ 'ಸ', ಹಾರ್ಮೋನಿಯಂ ಲೆಕ್ಕದಲ್ಲಿ ಬಿಳಿ ನಾಲ್ಕು, ನಾಲ್ಕನೇ ಬಿಳಿ ಕೀ. ನನ್ನ ಮೃದಂಗ ಬಿಳಿ ಐದಕ್ಕೆ ಕೂತಿತ್ತು. ಕಲ್ಲಿನಿಂದ ಅಂಚನ್ನು ಕೆಳಗಿನಿಂದ ಮೇಲಕ್ಕೆ ತಟ್ಟುತ್ತಾ, ಬಾರು ಸಡಿಲಿಸುತ್ತಾ ಇಳಿಸಿದೆ. ಅಷ್ಟು ಇಳಿಸಿದರೆ ನಾದ ಸ್ವಲ್ಪ ಮಂಕಾಗುತ್ತದೆ. ನನ್ನ ಮುಖವೂ ಮಂಕಾಗಿತ್ತೇನೋ, ಶಿಷ್ಯೆ ನೋಡಿ ನಕ್ಕಳು. ಗದುಲ್ಕಾದವರ ಪಾಡು ಇನ್ನೂ ಜಾಸ್ತಿ. ನೆಟ್ಟಗೆ ಹಿಡಿದು ಕಮಾನಿನಿಂದ ನುಡಿಸುವ ಪುಟ್ಟ ವಾದ್ಯ ಅದು. ನುಡಿಸುವ ತಂತಿ ಮೂರೇ, ಆದರೆ ಅವುಗಳ ಕೆಳಗೆ ಸುಮ್ನೆ ಅನುರಣಿಸುವುದಕ್ಕೆ ಇನ್ನೂ ಹತ್ತು. ಅವರು ಎಲ್ಲವನ್ನೂ ಇಳಿಸಿ, ಮತ್ತೆ ಏರಿಸಿ, ಕೊನೆಗೆ ಒಂದು ನಿಟ್ಟುಸಿರು ಬಿಟ್ಟರು.

ಆಮೇಲೆ ತಂಬೂರಿ ಶುರುವಾಯಿತು. ಅಲ್ಲಿಗೆ ಇನ್ನೊಂದು ತಕರಾರು.

ಒಳ್ಳೆಯ ತಂಬೂರಿಯ ಮಂದ್ರ ಷಡ್ಜವನ್ನು ಮೀಟಿದರೆ ಅದರೊಳಗೇ ಅಂತರ ಗಾಂಧಾರ, ಅಂದರೆ ಒಂದು 'ಗ', ಕೇಳುತ್ತದೆ. ಯಾರೂ ಅದನ್ನು ನುಡಿಸುವುದಿಲ್ಲ, ತಾನಾಗಿ ಹುಟ್ಟುತ್ತದೆ. ಕೋರಾದವರು ನಮಗೆಲ್ಲ ಅನುಕೂಲವಾಗಲಿ ಎಂದು ಅವತ್ತು ಫೋನಿನ ಟ್ಯೂನರ್ ನೋಡಿಕೊಂಡು ಶ್ರುತಿ ಮಾಡಿದ್ದರು. ಟ್ಯೂನರ್ ತೋರಿಸುವುದು ಪಿಯಾನೋದ ಗಾಂಧಾರ. ಒಂದು ಅರ್ಧ ಸ್ವರವನ್ನು 100 ಭಾಗ ಮಾಡಿದರೆ ಅದು ತಂಬೂರಿಯ ಗಾಂಧಾರಕ್ಕಿಂತ ಸುಮಾರು 14 ಭಾಗ ಮೇಲಿರುತ್ತದೆ. 14 ಅಂದರೆ ಏನು ಮಹಾ ಅನ್ನಿಸಬಹುದು. ಎರಡೂ ಒಟ್ಟಿಗೆ ಕೇಳಿದಾಗ ಹಲ್ಲಿನ ಸಂದಿಯಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಕಿರಿಕಿರಿ.

ನಾನು ಹೇಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಅವರೇ ಫೋನನ್ನು ಜೇಬಿಗೆ ಹಾಕಿದರು. ಎದ್ದು ಬಂದು ತಂಬೂರಿಯ ಬುರುಡೆಯ ಹತ್ತಿರ ಕಿವಿಯಿಟ್ಟು ಒಂದು ನಿಮಿಷ ಕೂತರು. ವಾಪಸ್ ಹೋಗಿ ಗಾಂಧಾರದ ಬಳೆಗಳನ್ನು ಕೂದಲೆಳೆಯಷ್ಟು ಸರಿಸಿದರು. ಕಿರಿಕಿರಿ ಹೋಯಿತು. ಕೋರಾದ ಗಾಂಧಾರ ಎಲ್ಲಿ ಮುಗಿಯಿತು, ತಂಬೂರಿಯದು ಎಲ್ಲಿ ಶುರುವಾಯಿತು ಎಂದು ಗೊತ್ತಾಗದ ಹಾಗೆ ಕೂತುಬಿಟ್ಟಿತು. ಎರಡೂವರೆ ಗಂಟೆ ವ್ಯರ್ಥ ಅಂದುಕೊಂಡಿದ್ದೆ. ಆಮೇಲೆ ಹಾಗೆ ಅನ್ನಿಸಲಿಲ್ಲ.

ರಾಗದ ವಿಷಯದಲ್ಲಿ ಹೆಚ್ಚು ತೊಂದರೆಯಾಗಲಿಲ್ಲ. ಕೋರಾದವರು ಸಿಲಾಬಾ ಎನ್ನುವ ಶ್ರುತಿಕ್ರಮ ನಮ್ಮ ಶಂಕರಾಭರಣದ ಸ್ವರಗಳಿಗೆ ಹತ್ತಿರ. ಸೌತಾ ಎನ್ನುವುದರಲ್ಲಿ ಮಧ್ಯಮ ಏರಿರುತ್ತದೆ, ಅಂದರೆ ಕಲ್ಯಾಣಿಯ ಸ್ವರಗಳು. ಆದರೆ ಕೋರಾದಲ್ಲಿ ನಮ್ಮ ಹಾಗೆ ತಂತಿ ಎಳೆದು ಗಮಕ ತೆಗೆಯುವ, ಅಂದರೆ ಸ್ವರವನ್ನು ತೂಗಾಡಿಸುವ ರೂಢಿಯಿಲ್ಲ. ಸ್ವರ ನೆಟ್ಟಗೆ ಬಂದು ನೆಟ್ಟಗೆ ಹೋಗುತ್ತದೆ. ಅದನ್ನು ಕಲ್ಯಾಣಿ ಅಂತ ಕರೆಯೋದಕ್ಕೆ ನನಗೆ ಮನಸ್ಸು ಬರಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ ಬಿಡಿ.

ಸಮಸ್ಯೆಯಾಗಿದ್ದು ತಾಳದಲ್ಲಿ. ಅದೂ ನಾನು ತೀರಾ ಸುಲಭ ಅಂದುಕೊಂಡಿದ್ದ ಕಡೆ.

ಗದುಲ್ಕಾದವರು ರಾಚೆನಿತ್ಸಾ ಎಂಬ ಕುಣಿತದ ಧಾಟಿ ನುಡಿಸುತ್ತೇನೆಂದರು. 'ಏಳು ಎಣಿಕೆ' ಎಂದು ಕೋರಾದವರು ಮೊದಲೇ ನನಗೆ ಹೇಳಿಟ್ಟಿದ್ದರು. ಏಳು ತಾನೇ, ನಮ್ಮ ಮಿಶ್ರ ಛಾಪು ತಾಳ! ಚಿಕ್ಕಂದಿನಿಂದ ನುಡಿಸಿದ್ದು. ಅವರು ಕಮಾನು ಇಟ್ಟ ಕೂಡಲೇ 'ತಕಿಟ ತಕ ಧಿಮಿ' ಎಂದು ಹೊರಟೆ. ಎರಡು ಆವರ್ತ, ಅಂದರೆ ಏಳರ ಎರಡು ಸುತ್ತು, ಆಗುವಷ್ಟರಲ್ಲಿ ಕತ್ತಲಲ್ಲಿ ಮೆಟ್ಟಿಲಿಳಿದ ಹಾಗಾಯಿತು. ನನ್ನ ಪೆಟ್ಟು ಬಿದ್ದಲ್ಲಿ ಅವರ ಕಮಾನಿಲ್ಲ, ಅವರ ಒತ್ತು ಬಿದ್ದಲ್ಲಿ ನನ್ನ ಕೈಯಿಲ್ಲ. ನಿಲ್ಲಿಸಿದೆವು. ಮತ್ತೆ ಶುರು, ಮತ್ತೆ ಅದೇ ಕಥೆ. ಮೂರನೇ ಸಲವೂ ಹಾಗೇ ಆದಾಗ, ಅವರಿಗೆ ಲಯ ಸ್ವಲ್ಪ ಕಮ್ಮಿ ಅಂತ ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ. ನನ್ನ ಬಗ್ಗೆ ಅವರೂ ಅದನ್ನೇ ಅಂದುಕೊಂಡಿದ್ದರು ಅಂತ ಆಮೇಲೆ ನಗುತ್ತಾ ಹೇಳಿದರು.

ಹಿಡಿದಿದ್ದು ನನ್ನ ಶಿಷ್ಯೆ. "ಸರ್, ಅವರು ಏಳು ಅಂತ ಎಣಿಸ್ತಾನೇ ಇಲ್ಲ. ಪಾದ ನೋಡಿ," ಎಂದಳು.

ನೋಡಿದೆ. ಪಾದ ಏಳು ಸಲ ಆಡುತ್ತಿರಲಿಲ್ಲ, ಮೂರೇ ಸಲ. ಕೇಳಿದಾಗ ಅವರು ವಾದ್ಯ ಪಕ್ಕಕ್ಕಿಟ್ಟು ಎದ್ದು ನಿಂತು ಹೆಜ್ಜೆ ಹಾಕಿ ತೋರಿಸಿದರು. ಚಿಕ್ಕದು, ಚಿಕ್ಕದು, ಉದ್ದ. ಚಿಕ್ಕದು, ಚಿಕ್ಕದು, ಉದ್ದ. ಏಳು ಎಂಬ ಲೆಕ್ಕವೇ ಅವರ ಮನಸ್ಸಿನಲ್ಲಿಲ್ಲ. ಅದು ಕಾಗದದ ಮೇಲೆ ಬರೆಯುವವರ ಲೆಕ್ಕ. ಕಾಲಿಗೆ ಗೊತ್ತಿರುವುದು ಎರಡು ಗಿಡ್ಡ, ಒಂದು ಉದ್ದ. ಅಂದರೆ ಎರಡು, ಎರಡು, ಮೂರು. ನನ್ನದು ಮೂರು, ಎರಡು, ಎರಡು. ಅದೇ ಏಳು, ಅವೇ ತುಂಡುಗಳು. ಆದರೆ ಅವರ 'ಒಂದು' ಇರುವುದು ನನ್ನ ನಾಲ್ಕನೇ ಅಕ್ಷರದ, ಅಂದರೆ ನಾಲ್ಕನೇ ಎಣಿಕೆಯ ಮೇಲೆ. ನನ್ನ ಸಮ, ಅಂದರೆ ನನ್ನ ತಾಳದ 'ಒಂದು', ಇರುವುದು ಅವರ ಐದರ ಮೇಲೆ, ಆ ಉದ್ದ ಹೆಜ್ಜೆ ಶುರುವಾಗುವ ಕಡೆ.

'ತಕ ಧಿಮಿ ತಕಿಟ' ಎಂದು ಬಾಯಲ್ಲಿ ಹೇಳುವುದು ಸುಲಭ. ಕೈ ಒಪ್ಪಬೇಕಲ್ಲ! ಮೂವತ್ತು ವರ್ಷ 'ತಕಿಟ'ದ ಮೇಲೆ ಸಮ ಹಿಡಿದ ಕೈ. ಅವರು ಕುಣಿಯುತ್ತಲೇ ಇದ್ದರು, ನಾನು ತಪ್ಪುತ್ತಲೇ ಇದ್ದೆ. ಕೊನೆಗೆ ಎಣಿಸುವುದನ್ನೇ ಬಿಟ್ಟು ಅವರ ಹಿಮ್ಮಡಿ ನೋಡಿಕೊಂಡು ನುಡಿಸಿದೆ. ಆಗ ಕೂತಿತು.

ಮೃದಂಗದವರಿಗೆ ಒಂದು ಚಟ. ತಾಳ ಕೈಗೆ ಹತ್ತಿದ ಮರುಕ್ಷಣ ಮುಕ್ತಾಯ ಇಡಬೇಕು, ಅಂದರೆ ಒಂದೇ ತುಂಡನ್ನು ಮೂರು ಸಲ ನುಡಿಸಿ ಎಣಿಕೆಗೆ ಸರಿಯಾಗಿ ಬಂದು ಬೀಳಬೇಕು ಅನ್ನಿಸುತ್ತದೆ. ನನ್ನ ಸಮದಿಂದ ಹೊರಟು ಅವರ ಒಂದಕ್ಕೆ ಬಂದು ಬಿದ್ದರೆ ಹೇಗೆ ಅಂತ ತಲೆ ಓಡಿತು. ಮಧ್ಯೆ ಮೂರು ಅಕ್ಷರದ ದೂರ, ಅದರ ಮೇಲೆ ಎರಡು ಆವರ್ತ ಸೇರಿಸಿದರೆ 17. 'ತದಿಗಿಣತೊಂ' ಐದು, ಒಂದು ಬಿಡುವು, ಮತ್ತೆ ಐದು, ಒಂದು ಬಿಡುವು, ಇನ್ನೊಂದು ಐದು. ಸರಿಯಾಗಿ 17. ಅವರು ಮತ್ತೆ ಗದುಲ್ಕಾ ಎತ್ತಿಕೊಂಡು ನುಡಿಸುವಾಗ ಯಾರಿಗೂ ಹೇಳದೆ ಇಟ್ಟೆ. ಕೊನೆಯ 'ತೊಂ' ಮುಗಿದು ಅವರ ಒಂದರ ಮೇಲೆ ನನ್ನ 'ತಾ' ಬಿದ್ದಾಗ ಗದುಲ್ಕಾದವರು ಕಮಾನು ಎತ್ತಿ 'ಹೇ!' ಎಂದು ಕೂಗಿದರು. ಕಛೇರಿಯ ದಿನ ಅಷ್ಟು ಚೆನ್ನಾಗಿ ಬರಲಿಲ್ಲ, ಅದು ಬೇರೆ ವಿಷಯ.

ಇಂಥದ್ದಕ್ಕೆಲ್ಲ ಫ್ಯೂಷನ್ ಅಂತಾರೆ. ನನಗೆ ಆ ಪದ ಅಷ್ಟಾಗಿ ಹಿಡಿಸುವುದಿಲ್ಲ. ನಮ್ಮ ಪಕ್ಕದಲ್ಲಿ ದಿನಾ ಕೂರುವ ಪಿಟೀಲು ಹೊರಗಿನಿಂದ ಬಂದದ್ದೇ ಅಲ್ವಾ? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಗದ್ದದ ಕೆಳಗಿದ್ದದ್ದು ಪಾದದ ಮೇಲೆ ಇಳಿಯಿತು, ತಂತಿಗಳು ಸ-ಪ-ಸ-ಪ ಆದವು. ನಮ್ಮವರ ಜೊತೆ ಕಟ್ಟಿದ ಶಕ್ತಿ ಎಂಬ ತಂಡಕ್ಕಾಗಿ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್ ತಮ್ಮ ಗಿಟಾರಿನ ಮೆಟ್ಟುಗಳ ನಡುವೆ ಹಳ್ಳ ಕೊರೆಸಿ, ತಂತಿ ಎಳೆದು ಗಮಕ ತೆಗೆಯುವ ಹಾಗೆ ಮಾಡಿಸಿಕೊಂಡರು. ಎರಡೂ ಕಡೆ ವಾದ್ಯವೋ ಕೂರುವ ರೀತಿಯೋ ಬದಲಾಯಿತು. ಅವತ್ತು ನಾವು ಮೂವರು ಬದಲಾಯಿಸಿಕೊಂಡಿದ್ದು ಶ್ರುತಿ ಮತ್ತು ಕುರ್ಚಿ, ಅಷ್ಟೇ.

ಕುರ್ಚಿ ಅಂದೆ, ಅದಕ್ಕೂ ಕಾರಣವಿದೆ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು, ನಾನಿದ್ದರೆ ಕೋರಾ ಕೇಳುವುದೇ ಇಲ್ಲ. ಅವರು ಹೆಬ್ಬೆರಳಲ್ಲಿ ಒಂದು ಸುತ್ತು ಹಿಡಿದು ಬಿಡದೆ ನುಡಿಸುತ್ತಿರುತ್ತಾರೆ, ಅದು ಕುಂಬೆಂಗೋ. ಅದರ ಮೇಲೆ ಸರಸರ ಇಳಿಯುವ ಸಂಗತಿಗಳು ಬಿರಿಮಿಂಟಿಂಗೋ. ಕುಂಬೆಂಗೋ ತುಂಬ ಮೆಲು. ಮೃದಂಗದ ಎಡಮುಖಕ್ಕೆ ಒದ್ದೆ ರವೆ ಹಚ್ಚಿರುತ್ತೇವೆ, ಅದರ ಮೇಲೆ ನನ್ನ ಎಡಗೈ ಒಂದು ಸಲ ಬಿದ್ದರೆ ಮುಗಿಯಿತು. ಅವರನ್ನು ಮುಂದೆ ತಂದೆವು, ನಾನು ನಾಲ್ಕು ಹೆಜ್ಜೆ ಹಿಂದೆ ಹೋದೆ. ಬೆರಳ ತುದಿಯಲ್ಲಷ್ಟೇ ನುಡಿಸಿದೆ. "ನನ್ನ ಹೆಬ್ಬೆರಳು ನಿಮಗೆ ಕೇಳುತ್ತಿದೆಯಾ? ಕೇಳದಿದ್ದರೆ ನೀವು ಜೋರಾದಿರಿ ಎಂದರ್ಥ," ಎಂದರು ಅವರು. ತುಂಬ ಮರ್ಯಾದೆಯಿಂದಲೇ.

ಸಂಜೆ ಮೋಡ ಕವಿಯಿತು. ಕೋರಾದವರೂ ನಾನೂ ಒಟ್ಟಿಗೆ ಕಿಟಕಿ ಕಡೆ ನೋಡಿದೆವು. ತೇವಕ್ಕೆ ಚರ್ಮ ಸಡಿಲವಾದರೆ ನನ್ನ ಮೃದಂಗ ಇಳಿಯುತ್ತದೆ. ಕೋರಾದ ತಂತಿಗಳನ್ನು ಹೊತ್ತ ಕುದುರೆ ನಿಂತಿರುವುದೂ ಚರ್ಮದ ಮೇಲೇ, ಅದು ಕುಸಿದರೆ 21 ತಂತಿಯೂ ಇಳಿಯುತ್ತವೆ. ಅವತ್ತು ಮಾತಿಲ್ಲದೆ ಇಬ್ಬರಿಗೂ ಅರ್ಥವಾದ ಮೊದಲ ವಿಷಯ ಇದೇ.

ರಾತ್ರಿ ಶಿಷ್ಯೆ ಫೋನಿನಲ್ಲಿ ಮುದ್ರಿಸಿದ್ದನ್ನು ಕಳಿಸಿದಳು. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಅಷ್ಟು ಹಿಂದೆ ಕೂತರೂ ಮೃದಂಗ ಜೋರೇ. ಫೋನ್ ನನ್ನ ಪಕ್ಕದಲ್ಲೇ ಇತ್ತು ಎಂದು ಸಮಾಧಾನ ಮಾಡಿಕೊಂಡೆ. ಒಂದು ಕಡೆ ಮಾತ್ರ ಕೋರಾ, ಗದುಲ್ಕಾ, ತಂಬೂರಿ ಮೂರೂ ಒಂದೇ ವಾದ್ಯದ ಹಾಗೆ ಕೇಳಿದವು. ಹೆಬ್ಬೆರಳ ಸುತ್ತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಇಷ್ಟು ಚೆನ್ನಾಗಿ ಯಾವಾಗ ನುಡಿಸಿದೆವು ಎಂದು ಹಿಂದಕ್ಕೆ ಹೋಗಿ ಇನ್ನೊಂದು ಸಲ ಕೇಳಿದೆ. ಶುರುವಿನಲ್ಲಿ ಸಣ್ಣಗೆ ನನ್ನದೇ ದನಿ ಇತ್ತು: "ರವೆ ಒಣಗಿದೆ, ನೀವು ನುಡಿಸ್ತಾ ಇರಿ, ಈಗ ಹಚ್ಚಿಕೊಂಡು ಬಂದೆ."