ಥೊರಾಂಗ್ ಲಾ ದಾಟುವ ಮೊದಲು

ನೇಪಾಳದಲ್ಲಿ ನಡೆಯೋಕೆ ಅಕ್ಟೋಬರ್‌ಗಿಂತ ಒಳ್ಳೆ ತಿಂಗಳಿಲ್ಲ ಅಂತಾರೆ. ಮಳೆಗಾಲ ಮುಗಿದಿರುತ್ತದೆ, ಆಕಾಶ ತಿಳಿಯಾಗಿರುತ್ತದೆ. ಮಾತು ನಿಜವೇ. ಆದರೆ ಅನ್ನಪೂರ್ಣ ಪರ್ವತಗಳನ್ನು ಸುತ್ತುವ ಚಾರಣದ ಹಾದಿ, ಅನ್ನಪೂರ್ಣ ಸರ್ಕ್ಯೂಟ್‌ಗೆ ಹೊರಡಬೇಕು ಅಂದಾಗ ನನ್ನ ತಲೆಯಲ್ಲಿ ಕೂತಿದ್ದು 2014ರ ಅಕ್ಟೋಬರ್. ಆ ತಿಂಗಳ 12ರಂದು ಹುದ್‌ಹುದ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿತು. ಎರಡು ದಿನ ಕಳೆಯುವಷ್ಟರಲ್ಲಿ ಅದೇ ಮೋಡಗಳು ಹಿಮಾಲಯ ಮುಟ್ಟಿ ಹಿಮ ಸುರಿಸಿದವು. ಈ ಹಾದಿಯಲ್ಲಿ ಬೆಟ್ಟಗಳ ನಡುವೆ ದಾಟಬೇಕಾದ ಎತ್ತರದ ಕಣಿವೆದಾರಿ ಥೊರಾಂಗ್ ಲಾ. ಅದನ್ನು ದಾಟುತ್ತಿದ್ದವರಿಗೆ ದಾರಿಯೇ ಕಾಣದಾಯಿತು. ಆ ಭಾಗದಲ್ಲಿ ಒಟ್ಟು 40ಕ್ಕೂ ಹೆಚ್ಚು ಜನ ತೀರಿಕೊಂಡರು. ನಮ್ಮ ಬಂಗಾಳ ಕೊಲ್ಲಿಯಲ್ಲಿ ಹುಟ್ಟಿದ ಗಾಳಿ ಅಷ್ಟು ದೂರ ಹೋಗಿ ಜೀವ ತೆಗೆಯುತ್ತದೆ ಅಂತ ಯಾರು ಅಂದುಕೊಳ್ಳುತ್ತಾರೆ?

ಹಾಗಾಗಿ ನಾನೂ ತಮ್ಮನೂ ಮೊದಲು ಕೂತು ರಜೆಯ ಲೆಕ್ಕ ಹಾಕಿದೆವು. ಕೈಯಲ್ಲಿ ಖಾಲಿ ದಿನಗಳಿರಬೇಕು ಅನ್ನೋದು ನನ್ನ ಹಟ. ವಾಪಸ್ ಟಿಕೆಟ್ ಬೆನ್ನಟ್ಟುತ್ತಿದ್ದರೆ ಮನುಷ್ಯ ಕೆಟ್ಟ ಹವೆಯಲ್ಲೂ ಹೊರಟುಬಿಡುತ್ತಾನೆ. ತಮ್ಮನಿಗೆ ಅಷ್ಟು ರಜೆ ಕೇಳೋದೇ ಕಷ್ಟ ಆಯ್ತು. ಆದರೂ ಬಿಡಲಿಲ್ಲ.

ಆಮೇಲೆ ಬಟ್ಟೆ. ಕುಮಾರ ಪರ್ವತದಲ್ಲಿ ಮಳೆಗೆ ನೆಂದರೆ ನಡೆಯುತ್ತಾ ನಡೆಯುತ್ತಾ ಮೈ ಬೆಚ್ಚಗಾಗುತ್ತದೆ. ಐದು ಸಾವಿರ ಮೀಟರ್ ಮೇಲೆ ಆ ಧೈರ್ಯ ನಡೆಯಲ್ಲ. ಅಲ್ಲಿ ಬೆವರೂ ಶತ್ರು. ಹತ್ತಿ ಬಟ್ಟೆ ಬೆವರು ಹೀರಿಕೊಂಡು ಒದ್ದೆಯಾಗೇ ಇರುತ್ತದೆ, ನಿಂತ ಕೂಡಲೇ ಚಳಿ ಹಿಡಿಯುತ್ತದೆ. ಅದಕ್ಕೇ ಒಳಗೆ ತೆಳು ಉಣ್ಣೆ, ಅದರ ಮೇಲೆ ಫ್ಲೀಸ್, ಎಲ್ಲಕ್ಕೂ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಹಕ್ಕಿಯ ಮೆದು ಗರಿ ತುಂಬಿದ ಡೌನ್ ಜಾಕೆಟ್ ನಿಂತಾಗ ಮಾತ್ರ. ಗ್ಲೌಸ್ ಎರಡು ಜೊತೆ, ಯಾಕಂದರೆ ಒಂದು ಗಾಳಿಗೆ ಹಾರಿಹೋದರೆ ಬೆರಳೇ ಹೋಗಬಹುದು. ಹಿಮದಲ್ಲಿ ಜಾರದಂತೆ ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ, ಅಂದರೆ ಮೈಕ್ರೋಸ್ಪೈಕ್ಸ್, ಮತ್ತು ಕಪ್ಪು ಕನ್ನಡಕವೂ ಬ್ಯಾಗ್ ಸೇರಿದವು. ಹೊಸ ಹಿಮದ ಮೇಲೆ ಬಿಸಿಲು ಬಿದ್ದರೆ ಬರಿಗಣ್ಣು ಬೇಗ ಸೋಲುತ್ತದೆ.

ಥೊರಾಂಗ್ ಲಾಗೆ ಮೊದಲು ಸಿಗುವ ಊರು ಮನಾಂಗ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಮೈ ಹೊಂದಲಿ ಅಂತ ಎಲ್ಲರೂ ಅಲ್ಲಿ ನಿಲ್ಲುತ್ತಾರೆ. ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್‌ನ ವೈದ್ಯರು ಎತ್ತರದ ಕಾಯಿಲೆ ಬಗ್ಗೆ ಹೇಳುವುದನ್ನು ಕೇಳಿ ಬಂದೆವು. ಅಷ್ಟರಲ್ಲಿ ಮೇಲೆ ಹಿಮ ಬೀಳುತ್ತದೆ ಅನ್ನೋ ಸುದ್ದಿ ಬಂತು. ಹೊರಗೆ ನೋಡಿದರೆ ಬಿಸಿಲು! ಲಾಡ್ಜ್‌ನಲ್ಲಿದ್ದ ಕೆಲವರು ಗಂಟು ಕಟ್ಟಿ ಹೊರಟರು. ನಮ್ಮ ಗೈಡ್ ಮೋಡ ನೋಡಿ, ಕೆಳಗಿನ ಊರಿನವರಿಗೆ ಫೋನ್ ಮಾಡಿ, ಸುಮ್ನೆ ತಲೆ ಅಲ್ಲಾಡಿಸಿದರು. ನಾವು ಉಳಿದೆವು.

ಮಧ್ಯಾಹ್ನದ ಹೊತ್ತಿಗೆ ಬೆಟ್ಟಗಳೆಲ್ಲ ಮಾಯ. ಸಂಜೆಗೆ ನಮ್ಮ ಅಂಗಳದಲ್ಲೇ ಹಿಮ. ಬೆಳಿಗ್ಗೆ ಹೊರಟಿದ್ದವರಲ್ಲಿ ಕೆಲವರು ಒದ್ದೆಯಾಗಿ ನಡುಗುತ್ತಾ ವಾಪಸ್ ಬಂದರು. ಒಲೆ ಸುತ್ತ ಜಾಗ ಮಾಡಿಕೊಟ್ಟು, ಬಿಸಿ ಬಿಸಿ ಬೆಳ್ಳುಳ್ಳಿ ಸೂಪ್ ಕೊಟ್ಟೆವು. ಅವರೇನು ತಿಳಿಯದವರಲ್ಲ. ಅವರ ಕೈಯಲ್ಲಿ ದಿನಗಳಿರಲಿಲ್ಲ, ಅಷ್ಟೇ.

ಹವೆ ತಿಳಿಯಾದ ಮೇಲೂ ಆತುರಪಡಲಿಲ್ಲ. ಮುಂದೆ ಹೋದವರ ಹೆಜ್ಜೆಯಿಂದ ದಾರಿ ಮೂಡಲಿ ಅಂತ ಬಿಟ್ಟೆವು. ಕಣಿವೆದಾರಿಯ ಬುಡದಲ್ಲಿರುವ ತಂಗುದಾಣ ಥೊರಾಂಗ್ ಫೇದಿಯಲ್ಲಿ ರಾತ್ರಿ ಬಿಸಿನೀರಿನ ಬಾಟಲ್, ಫೋನು, ನೀರಿನ ಫಿಲ್ಟರ್ ಎಲ್ಲ ಸ್ಲೀಪಿಂಗ್ ಬ್ಯಾಗ್ ಒಳಗೇ. ಫಿಲ್ಟರ್ ಒಳಗಿನ ನೀರು ಗಟ್ಟಿಯಾದರೆ ಅದರ ಸಣ್ಣ ಕೊಳವೆಗಳು ಸೀಳುತ್ತವೆ, ಹೊರಗಿಂದ ನೋಡಿದರೆ ಗೊತ್ತೂ ಆಗಲ್ಲ. ಹೊತ್ತೇರಿದಂತೆ ಗಾಳಿ ಜೋರಾಗುವುದರಿಂದ ಇನ್ನೂ ಕತ್ತಲಿರುವಾಗಲೇ ಹೊರಟೆವು. 5,416 ಮೀಟರ್ ಅಂತ ಬರೆದ ಬೋರ್ಡ್ ಹತ್ತಿರ ಬಾವುಟಗಳು ಪಟಪಟ ಅನ್ನುತ್ತಿದ್ದವು. ಫೋಟೋ ತೆಗೆದು ತಕ್ಷಣ ಇಳಿದೆವು. ಮುಕ್ತಿನಾಥದವರೆಗೆ ಸುಮಾರು 1,600 ಮೀಟರ್ ಇಳಿಜಾರು, ಮಂಡಿಗೆ ಅದೇ ಜಾಸ್ತಿ ಕಷ್ಟ. ಸ್ಪೈಕ್ಸ್ ಇರದಿದ್ದರೆ ಆ ಗಟ್ಟಿ ಹಿಮದ ಮೇಲೆ ಹೇಗೆ ಇಳಿಯುತ್ತಿದ್ದೆವೋ!

ಮುಕ್ತಿನಾಥ ವಿಷ್ಣುವಿನ 108 ಪುಣ್ಯಕ್ಷೇತ್ರಗಳಾದ ದಿವ್ಯದೇಶಗಳಲ್ಲಿ ಒಂದು, ಅಲ್ವಾ? ದೇವಸ್ಥಾನದ ಹತ್ತಿರ ಕನ್ನಡ ಕಿವಿಗೆ ಬಿತ್ತು. ಜೀಪಿನಲ್ಲಿ ಬಂದಿದ್ದ ಹಿರಿಯರು, 108 ಧಾರೆಗಳ ಕೆಳಗೆ ಹಾದು ನಡುಗುತ್ತಿದ್ದರು. ಬ್ಯಾಗಿನಲ್ಲಿ ಒಣಗಿದ್ದ ಇನ್ನೊಂದು ಜೊತೆ ಗ್ಲೌಸ್ ಇತ್ತು, ಕೊಟ್ಟೆ. ಖಾಲಿ ದಿನವೂ ಒಂದು ಉಳಿದಿತ್ತು. ಅದನ್ನು ಕೆಳಗಿನ ಕಾಗ್ಬೇನಿ ಅನ್ನೋ ಹಳ್ಳಿಯಲ್ಲಿ ಕಾಲು ಚಾಚಿ ಕಳೆದೆವು.